ಬಲಗಡೆಯ ನಲ್ಲಿ

ವರ್ಷಾಳ ತುಟಿ ನೀಲಿಗಟ್ಟಿದ್ದನ್ನು ಮೊದಲು ಕಂಡವನು ಸೀನಪ್ಪನೇ. ದೋಣಿಮನೆಯಲ್ಲಿ ಮಧ್ಯಾಹ್ನದ ಊಟ ಮುಗಿದು ಅರ್ಧ ಗಂಟೆ ಆಗಿತ್ತಷ್ಟೆ. ಕಂಬಿಗೆ ಒರಗಿ ಕೆರೆ ನೋಡುತ್ತಿದ್ದ ಹುಡುಗಿ "ಮಾವ, ತಲೆ ಸುತ್ತುತೈತೆ" ಎಂದು ಅವನ ತೋಳು ಹಿಡಿದಳು. ಹಿಡಿದ ಕೈ ಬಿಡದೆಯೇ ಕೆಳಗೆ ಕುಸಿದಳು. ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗಿತ್ತು.

ಅವಳು ಅವನ ಅಕ್ಕನ ಮಗಳು. ಮದುವೆಯಾಗಿ ತಿಪಟೂರಿನಿಂದ ವಿಶಾಖಪಟ್ಟಣಕ್ಕೆ ಬಂದು ಮೂರು ವಾರ. ಗಂಡ ನಿಶಾಂತ್ ನೌಕಾಪಡೆಯವನು. ಹಡಗು ಹೊರಟಿತು, ಅವನೂ ಹೊರಟ. ಹೋಗುವಾಗ "ಮಾವ, ಇವಳನ್ನ ನೋಡ್ಕಳಿ" ಎಂದು ಕೈ ಹಿಡಿದು ಹೇಳಿದ್ದ. ಕ್ವಾರ್ಟರ್ಸಿನಲ್ಲಿ ಒಬ್ಬಳೇ ಮಂಕಾಗಿ ಕೂತವಳನ್ನು ವಿಜಯವಾಡ ಸುತ್ತಿಸಿ ತರೋಣವೆಂದು ಶನಿವಾರ ದುವ್ವಾಡದಲ್ಲಿ ರೈಲು ಹತ್ತಿಸಿದವನು ಇದೇ ಸೀನಪ್ಪ. ದಾರಿಯುದ್ದಕ್ಕೂ ಮೇಷ್ಟ್ರುಗಿರಿ ಬೇರೆ. "ತೆಲುಗು ಅಕ್ಷರ ನಮ್ಮವೇ ಕಣವ್ವ, ತಲೆಕಟ್ಟು ಒಂಚೂರು ಬೇರೆ. ಧೈರ್ಯವಾಗಿ ಓದು" ಎಂದಿದ್ದ. ಅವಳು ಸ್ಟೇಷನ್ನಿನ ಹೆಸರು, ಸೋಪಿನ ಜಾಹೀರಾತು ಎಲ್ಲವನ್ನೂ ಗಟ್ಟಿಯಾಗಿ ಓದಿ ಎದುರು ಸೀಟಿನವರನ್ನು ನಗಿಸಿದ್ದಳು. ಓದಿದ್ದು ಒಂದಾದರೂ ಅರ್ಥವಾಗುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಜೊತೆಗೆ ಸೂರ್ಯಕಾಂತಮ್ಮನವರೂ ಬಂದಿದ್ದರು. ತಾಯಿ ಬಳ್ಳಾರಿಯವರು, ತಂದೆ ತೆಲುಗರು. ವಿಶಾಖಪಟ್ಟಣದಲ್ಲಿ ಕುಡಿಯುವ ನೀರಿನ ಪರೀಕ್ಷೆಯ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿ ನಿವೃತ್ತರಾದವರು. ಅವರೂ ಸೀನಪ್ಪನೂ ಇರುವ ದುವ್ವಾಡದ ಕಾಲೋನಿಯಲ್ಲಿ ಕಳವಾಗಲಿ, ಯಾರಾದರೂ ಕಾಣೆಯಾಗಲಿ, ಜನ ಠಾಣೆಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಅವರು ಹೊರಟಲ್ಲಿಗೆ ಚೀಲ ಹೊತ್ತು ಹೊರಡುವುದು ಸೀನಪ್ಪನ ಕೆಲಸ. ಆಯಸ್ಸೆಲ್ಲ ನೀರಿನಲ್ಲೇ ಕಳೆದ ಆ ಹೆಂಗಸಿಗೆ ದೋಣಿ ಮಾತ್ರ ಆಗದು. ಅದಕ್ಕೇ ಕಲುವಲ ಚೆರುವು ಎಂಬ ಆ ಕೆರೆಯ ದಡದಲ್ಲಿ ಕೊಡೆ ಬಿಚ್ಚಿ ಕೂತಿದ್ದರು.

ದೋಣಿ ದಡ ಮುಟ್ಟಿತು, ಆಂಬುಲೆನ್ಸ್ ಬಂತು. ಪ್ರವಾಸಿಗರಲ್ಲಿದ್ದ ನರ್ಸೊಬ್ಬಳು ಹುಡುಗಿಯ ಜೊತೆ ಹತ್ತಿದಳು. ಸೀನಪ್ಪನೂ ಹತ್ತಹೋದಾಗ ಸೂರ್ಯಕಾಂತಮ್ಮ ಅವನ ಅಂಗಿ ಹಿಡಿದು ನಿಲ್ಲಿಸಿದರು.

"ಅಲ್ಲಿ ನೀವು ಬಾಗಿಲ ಹೊರಗ ಕುಂತು ಅಳತೀರಿ ಅಷ್ಟ. ಇಲ್ಲಿದ್ರ ಅಕಿ ಏನ್ ತಿಂದ್ಲು, ಏನ್ ಕುಡಿದ್ಲು ಹೇಳಾಕ ಆಗತೈತಿ. ಅಕಿಗೆ ಬೇಕಾಗಿರೋದು ಅದು."

ಮೂರು ಗಂಟೆಗೆ ಡಾಕ್ಟರ ಫೋನು ಬಂತು. ರಕ್ತ ಕಂದು ಬಣ್ಣಕ್ಕೆ ತಿರುಗಿದೆ, ಆಕ್ಸಿಜನ್ ಕೊಟ್ಟರೂ ಮೈ ಹಿಡಿಯುತ್ತಿಲ್ಲ. ಹೊಟ್ಟೆಗೆ ಏನೋ ಹೋಗಿದೆ. ಏನೆಂದು ಗೊತ್ತಾದರೆ ಮದ್ದಿದೆ, ಬರೀ ಊಹೆಯ ಮೇಲೆ ಕೊಟ್ಟರೆ ಮದ್ದೇ ಮುಳುವಾದೀತು. ಒಂದು ಗಂಟೆಯೊಳಗೆ ತಿಳಿಸಿ ಎಂದರು. ಸೀನಪ್ಪ ಅಕ್ಕನಿಗೆ ಫೋನು ಮಾಡಲು ಎರಡು ಸಲ ಬೆರಳಿಟ್ಟು ಎರಡು ಸಲವೂ ತೆಗೆದ.

ಅಷ್ಟರಲ್ಲಿ ಠಾಣೆಯ ಎಸ್‌ಐ ಬಂದು ದೋಣಿಯ ಅಡುಗೆಯವಳಾದ ಕನಕದುರ್ಗಳನ್ನು ಒಂದು ಕಡೆ ಕೂರಿಸಿದ್ದರು. ಸಿಗಡಿಯಲ್ಲಿ ಏನೋ ಇತ್ತೆಂದು ಅವರ ಅನುಮಾನ. ಅವಳು ಸೆರಗು ಬಾಯಿಗೊತ್ತಿ ಅಳುತ್ತಿದ್ದಳು.

"ಸಿಗಡಿ ಎಷ್ಟು ಜನ ತಿಂದ್ರಿ?" ಎಂದರು ಸೂರ್ಯಕಾಂತಮ್ಮ.

"ಹದಿನೈದು ಜನಾನೂ ತಿಂದ್ವಿ. ನಾನು ಎರಡು ಸಲ ಹಾಕಿಸ್ಕಂಡೆ."

"ಹಂಗಾರ ಅದು ಬಿಡ್ರಿ. ಅಕಿ ಒಬ್ಬಾಕಿನ ಮಾಡಿದ್ದು ಏನು?"

ಸೀನಪ್ಪ ದೋಣಿಯ ಕಡೆ ಕೈ ತೋರಿದ. "ನೀರು ಕೇಳಿದ್ಲಮ್ಮ. ನಾನು ಎಲೆ ಮುಂದಿಂದ ಏಳಲಿಲ್ಲ. ಒಳಗೆ ಅಡುಗೆಮನೆ ತಾವ ಇರ್ತೈತೆ, ಹೋಗಿ ಕುಡಿ ಅಂದೆ. ವಾಪಸ್ ಬಂದಾಗ ಸಿಕ್ತೇನವ್ವ ಅಂದ್ರೆ, 'ಸಿಕ್ತು ಮಾವ, ಬರೆದೇ ಇತ್ತಲ್ಲ' ಅಂದ್ಲು. ನೀರು ಒಂಚೂರು ಉಪ್ಪುಪ್ಪು ಅಂತಲೂ ಅಂದ್ಲು. ವಿಜಯವಾಡದ ನೀರೇ ಹಂಗೇನೋ ಅಂತ ನಕ್ಕೆ."

"ಬರೆದಿತ್ತು ಅಂದ್ಲಾ?" ಸೂರ್ಯಕಾಂತಮ್ಮ ಕೊಡೆ ಮಡಚಿದರು. "ಇನ್ನೊಂದು. ನೀವು ಉಣ್ಣೋ ಹೊತ್ತಿನಾಗ ದೋಣಿ ಹಿಂದ ಬಿಳಿ ನೊರೆ ಬರಾಕತ್ತಿತ್ತು, ದಡದಿಂದ ನೋಡಿದೆ. ಯಾರರ ಸ್ನಾನ ಮಾಡಾಕತ್ತಿದ್ರೇನು?"

ರಾತ್ರಿ ದೋಣಿಯಲ್ಲೇ ತಂಗಿದ್ದ ಎರಡು ಕುಟುಂಬದವರು ಆಗ ಸ್ನಾನ ಮುಗಿಸಿ ಕೊನೆಗೆ ಊಟಕ್ಕೆ ಬಂದಿದ್ದರು. ಸೀನಪ್ಪ ಹೌದೆಂದ. ಆಕೆ ಕಣ್ಣು ಮುಚ್ಚಿ, ಹಲಗೆ ದಾಟಿ, ಕಟ್ಟಿ ನಿಲ್ಲಿಸಿದ್ದ ದೋಣಿಗೆ ಕಾಲಿಟ್ಟರು. ಅದನ್ನು ಕಂಡಾಗ ಸೀನಪ್ಪನ ಭಯ ಇಮ್ಮಡಿಯಾಯಿತು. ಈಕೆ ದೋಣಿ ಹತ್ತಬೇಕಾದರೆ ವಿಷಯ ಸಣ್ಣದಲ್ಲ.

ಕೆರೆ ಸಮಿತಿಯ ಇನ್‌ಸ್ಪೆಕ್ಟರ್ ಅಖಿಲಾ ಸುದ್ದಿ ಕೇಳಿ ಆಗಷ್ಟೇ ಬಂದು ಒಳಗಿದ್ದಳು. ಸುತ್ತಲಿನ ಆರು ಹಳ್ಳಿಗೆ ಇದೇ ಕೆರೆಯ ನೀರು. ದೋಣಿಗಳ ಬಚ್ಚಲು, ಪಾತ್ರೆ, ಬಟ್ಟೆಯ ಕೊಳೆನೀರು ಕೆರೆಗೆ ಬೀಳಬಾರದು. ತೊಟ್ಟಿಯಲ್ಲಿ ತುಂಬಿಸಿ ತಂದು ದಡದ ಪಂಪಿಗೆ ಕೊಡಬೇಕು ಎಂದು ಅವಳು ತೆಲುಗಿನಲ್ಲಿ ವಿವರಿಸಿದಳು.

"ಈ ದೋಣಿಯಲ್ಲಿ ಎರಡು ಉಕ್ಕಿನ ತೊಟ್ಟಿ. ಎಡಗಡೆಯದಕ್ಕೆ ಅಡುಗೆಮನೆ ನೀರು, ಬಲಗಡೆಯದಕ್ಕೆ ಸ್ನಾನದ್ದು. ಸಂಜೆ ಬಂದು ಮಟ್ಟ ನೋಡುತ್ತೇನೆ. ತುಂಬಿದ್ದರೆ ಕೆರೆಗೆ ಬಿಟ್ಟಿಲ್ಲ ಎಂದು ಲೆಕ್ಕ."

"ಪರೀಕ್ಷೆಗೆ ನೀರು ಎಲ್ಲಿಂದ ತೆಗೆಯುತ್ತೀರಮ್ಮ?" ಎಂದು ಸೂರ್ಯಕಾಂತಮ್ಮ ಕೇಳಿದರು.

"ನಲ್ಲಿಗಳಿವೆ. ಯಾವಾಗಲೂ ಎಡಗಡೆಯದರಿಂದ, ಅದೇ ಹೆಚ್ಚು ಕೊಳೆ."

ಅಡುಗೆಮನೆಯ ಹೊರಗಿನ ಓಣಿಯಲ್ಲಿ, ಎದುರುಬದುರು ಗೋಡೆಯಲ್ಲಿ ಎರಡು ನಲ್ಲಿಗಳಿದ್ದವು. ಎಡಗಡೆಯ ನಲ್ಲಿಯ ಮೇಲೆ ಮಾಸಿದ ತೆಲುಗು ಅಕ್ಷರದಲ್ಲಿ 'ಎಡಮ' ಎಂದಿತ್ತು. ಬಲಗಡೆಯದರ ಮೇಲೆ ಅಂಗೈಯಗಲ ನೀಲಿ ಬಣ್ಣ ಮಾತ್ರ. ಸೀನಪ್ಪ ಮುಟ್ಟಿದ, ಬೆರಳಿಗೆ ಹಸಿ ಬಣ್ಣ ಮೆತ್ತಿತು. ವರ್ಷಾಳ ತುಟಿ ನೆನಪಾಗಿ ಬೆರಳನ್ನು ಪಂಚೆಗೆ ಉಜ್ಜಿ ಉಜ್ಜಿ ಒರೆಸಿಕೊಂಡ.

ಸೂರ್ಯಕಾಂತಮ್ಮ ಎಡಗಡೆಯ ನಲ್ಲಿ ತಿರುಗಿಸಿದರು. ಜಿಡ್ಡು ತೇಲುವ ನಾತದ ನೀರು ಬಂತು. ಬಲಗಡೆಯದನ್ನು ತಿರುಗಿಸಿದರು. ಅದರ ನೀರು ತಿಳಿಯಾಗಿತ್ತು, ವಾಸನೆಯೂ ಇರಲಿಲ್ಲ.

"ಲ್ಯಾಬಿಗೆ ಕಳಿಸಿದ್ರ ನಾಳೆ ಉತ್ತರ ಬರತೈತಿ," ಎಂದು ಅವರು ಗಡಿಯಾರ ನೋಡಿದರು. "ನಾಳೆತನಕ ನಮಗ ಟೈಮಿಲ್ಲ."

ಬಣ್ಣದ ಡಬ್ಬಿ ಎಂಜಿನ್ ಮನೆಯಲ್ಲಿತ್ತು, ಅದಕ್ಕೆ ಬೀಗವಿರಲಿಲ್ಲ. ಪ್ರವಾಸಿಗರೆಲ್ಲ ಹುಡುಗಿಯ ಹಿಂದೆ ದಡಕ್ಕೆ ಓಡಿದ ಮೇಲೆ ದೋಣಿಯಲ್ಲಿ ಉಳಿದವರು ಮೂವರೇ: ಕನಕದುರ್ಗ, ದೋಣಿ ನಡೆಸುವ ಸಾಯಿತೇಜ, ಮಾಲೀಕ ಜಗನ್ಮೋಹನ್. ಸಾಯಿತೇಜನ ಅಂಗಿಯಲ್ಲಿ ನೀಲಿ ಕಲೆಗಳಿದ್ದವು. ದಿನಾ ಬಣ್ಣ ಬಳಿಯುವುದೇ ನನ್ನ ಕೆಲಸ, ಆದರೆ ಇದನ್ನು ನಾನು ಬಳಿದಿಲ್ಲ ಎಂದ. ಅಳಿಸಿದ್ದು ಏನು ಬರಹ ಎಂದು ಕೇಳಿದರೆ, ಗಮನಿಸಿಲ್ಲ ಎಂದು ತಲೆ ತಗ್ಗಿಸಿದ.

ಜಗನ್ಮೋಹನ್ ಕೈಮುಗಿದು ಬರಮಾಡಿಕೊಂಡ. "ನನಗೆ ಕನ್ನಡ ಒಂದು ಮುಕ್ಕೂ ಬಾರದು ಅಮ್ಮಗಾರು, ತೆಲುಗಿನಲ್ಲೇ ಮಾತಾಡಿ. ಆ ಹುಡುಗಿ ಬೇಗ ಹುಷಾರಾಗಲಿ. ಟೀ ತರಿಸುತ್ತೇನೆ."

"ಈ ಹೊತ್ತಲ್ಲಿ ಟೀ ಒಂದು ಕೇಡು," ಎಂದು ಸೀನಪ್ಪ ಸೂರ್ಯಕಾಂತಮ್ಮನ ಕಿವಿಯ ಬಳಿ ಗೊಣಗಿದ. "ಇವರು ಹಾಕೋ ಸಕ್ಕರೆಗೆ ನನ್ನ ಶುಗರ್ರು ಏರಿ ನಾನೂ ಅದೇ ಆಸ್ಪತ್ರೆ ಸೇರ್ತೀನಿ."

ಟೀ ಬಂತು. ಸೂರ್ಯಕಾಂತಮ್ಮ ಗುಟುಕರಿಸಿ, ಸೀನಪ್ಪನ ಲೋಟದ ರುಚಿಯನ್ನೂ ನೋಡಿ ಕೆಳಗಿಟ್ಟರು. ಆಮೇಲೆ ಎಲ್ಲರನ್ನೂ ದೋಣಿಯ ಮುಂಭಾಗಕ್ಕೆ ಕರೆಯಲು ಎಸ್‌ಐಗೆ ಹೇಳಿದರು. ಮೂರೂವರೆಯಾಗಿತ್ತು.

ಎಲ್ಲರೂ ಕೂತರು. ಸೂರ್ಯಕಾಂತಮ್ಮ ಒಳಗಿನಿಂದ ಒಂದು ಗ್ಲಾಸು ನೀರು ತಂದು ಸೀನಪ್ಪನ ಕೈಗಿಟ್ಟು, ಮನೆಯ ಮಾತಾಡುವ ದನಿಯಲ್ಲಿ ಕನ್ನಡದಲ್ಲಿ ಹೇಳಿದರು.

"ಇದು ಬಲಗಡೆ ನಲ್ಲಿ ನೀರು. ನೀವು ಕುಡೀರಿ ಸೀನಪ್ಪ. ನಿಮಗೂ ಹಂಗ ಆದ್ರ ವರ್ಷಾಗ ಆಗಿದ್ದು ಇದರಿಂದನ ಅಂತ ಡಾಕ್ಟರಿಗೆ ಹೇಳಬಹುದು. ಬ್ಯಾರೆ ದಾರಿ ಇಲ್ಲ."

ಸೀನಪ್ಪ ಅವರ ಮುಖ ನೋಡಿದ. ತಮಾಷೆಯ ಸುಳಿವಿರಲಿಲ್ಲ. ಅವನಿಗೆ ಸಾಯುವ ಭಯ ಚೆನ್ನಾಗಿಯೇ ಇತ್ತು. ಇಂಜೆಕ್ಷನ್‌ಗೂ ಕಣ್ಣು ಮುಚ್ಚುವ ಆಸಾಮಿ. ಕೈ ನಡುಗಿ ನೀರು ತುಳುಕಿತು. ಎಲೆ ಮುಂದಿಂದ ಆಗ ಎದ್ದಿದ್ದರೆ ಈ ಗ್ಲಾಸು ಈಗ ಹಿಡಿಯಬೇಕಿರಲಿಲ್ಲ ಅಂದುಕೊಂಡ. ಎತ್ತಿ ಬಾಯಿಗಿಟ್ಟ.

ಕನಕದುರ್ಗ ಮೂಗೊರೆಸಿಕೊಳ್ಳುತ್ತಿದ್ದಳು. ಸಾಯಿತೇಜ ಕೆರೆ ನೋಡುತ್ತಿದ್ದ. ಕನ್ನಡ ಬಾರದ ಅವರ ಪಾಲಿಗೆ ಯಾರೋ ಮುದುಕ ನೀರು ಕುಡಿಯುತ್ತಿದ್ದ, ಅಷ್ಟೆ. ಜಗನ್ಮೋಹನ್ ಮಾತ್ರ ಕುರ್ಚಿ ಉರುಳಿಸಿಕೊಂಡು ಎದ್ದು ಗ್ಲಾಸಿಗೆ ಹೊಡೆದ. ಅದು ಹಲಗೆಯ ಮೇಲೆ ಬಿದ್ದು ಉರುಳಿತು.

"ಬ್ಯಾಡ್ರಿ, ಕುಡೀಬ್ಯಾಡ್ರಿ" ಎಂದ, ಅಚ್ಚ ಕನ್ನಡದಲ್ಲಿ.

"ಪುಡಿ ಡಬ್ಬಿ ಎಲ್ಲೈತಿ?" ಎಂದು ಸೂರ್ಯಕಾಂತಮ್ಮ ಕೇಳಿದರು. ಅವನು ಎಂಜಿನ್ ಮನೆಯ ಹಲಗೆಯ ಕಡೆ ಕೈ ತೋರಿದ. ಎಸ್‌ಐ ಹಲಗೆ ಕಿತ್ತು ಡಬ್ಬಿ ತಂದರು. ಆಕೆ ಫೋನಿನಲ್ಲಿ ಡಾಕ್ಟರಿಗೆ ಅದರ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ಹೇಳಿದರು. "ನನ್ನ ಅನುಮಾನವೂ ಅದೇ ಇತ್ತು. ಈಗಲೇ ಮದ್ದು ಕೊಡುತ್ತೇನೆ, ಫಲ ಕಾಣಲು ಸ್ವಲ್ಪ ಹೊತ್ತು ಬೇಕು" ಎಂದು ಡಾಕ್ಟರು ಫೋನಿಟ್ಟರು.

ಸೀನಪ್ಪ ಉರುಳಿದ ಗ್ಲಾಸನ್ನು ಎತ್ತಿಕೊಂಡ. "ನಾನು ಕುಡಿದುಬಿಟ್ಟಿದ್ರೆ ಏನ್ ಗತಿ ಅಮ್ಮ?"

"ಅದು ದಡದಿಂದ ತಂದಿದ್ದ ನನ್ನ ಬಾಟ್ಲಿ ನೀರು. ಮೊದಲ ಹೇಳಿದ್ರ ನಿಮ್ಮ ಕೈ ನಡುಗತಿರಲಿಲ್ಲ, ಅಂವ ನಂಬತಿರಲಿಲ್ಲ. ತಪ್ಪಾತು, ಕ್ಷಮಿಸ್ರಿ."

ಫೋನು ಬರುವವರೆಗೆ ಕಾಯಬೇಕಿತ್ತು. ಎಸ್‌ಐ ಕೇಳಿದ್ದಕ್ಕೆ ಸೂರ್ಯಕಾಂತಮ್ಮ ತೆಲುಗಿನಲ್ಲಿ ಒಂದೊಂದಾಗಿ ಬಿಡಿಸಿ ಹೇಳಿದರು. ಸೀನಪ್ಪನ ಕಣ್ಣು ಫೋನಿನ ಮೇಲೆ, ಕಿವಿ ಮಾತ್ರ ಅವರ ಮೇಲಿತ್ತು.

"ಊಟ ಎಲ್ಲರೂ ಮಾಡಿದರು, ನೀರು ಹುಡುಕಿಕೊಂಡು ಹೋದವಳು ಅವಳೊಬ್ಬಳೇ. 'ಬರೆದೇ ಇತ್ತು' ಎಂದಳಂತೆ. ತೆಲುಗು ಅಕ್ಷರ ಓದಲು ಬರುವ, ತೆಲುಗು ಬಾರದ ಹುಡುಗಿಗೆ ಏನು ಅರ್ಥವಾದೀತು? ಕನ್ನಡದಲ್ಲೂ ಇರುವ ಮಾತು ಮಾತ್ರ. ಒಂದು ನಲ್ಲಿಯ ಮೇಲೆ 'ಎಡಮ' ಎಂದಿದೆ. ಹಾಗಾದರೆ ಅಳಿಸಿದ ಇನ್ನೊಂದರ ಮೇಲೆ ಏನಿದ್ದಿರಬೇಕು?"

"ಕುಡಿ," ಎಂದಳು ಅಖಿಲಾ. "ಬಲಗಡೆ."

"ನಿಮಗೆ ಬಲಗಡೆ. ಕನ್ನಡದವರಿಗೆ ಅದೇ ಅಕ್ಷರ, ಅದೇ ಉಚ್ಚಾರ, ಅರ್ಥ ಮಾತ್ರ 'ನೀರು ಕುಡಿ' ಅನ್ನುವಾಗಿನ ಕುಡಿ. ಬಾಯಾರಿದ ಹುಡುಗಿ, ಎದುರಿಗೆ ನಲ್ಲಿ, ಮೇಲೆ ಕುಡಿ ಎಂದು ಬರೆದಿದೆ. ಕುಡಿದಳು."

ಸೀನಪ್ಪನ ಕಣ್ಣಿಗೆ ರೈಲಿನ ಕಿಟಕಿ ಬಂತು. ಧೈರ್ಯವಾಗಿ ಓದು ಎಂದಿದ್ದು ಅವನೇ.

"ಸ್ನಾನದ ಕೊಳೆನೀರಾಗಿದ್ದರೆ ಮೊದಲ ಗುಟುಕಿಗೇ ಉಗುಳುತ್ತಿದ್ದಳು," ಎಂದು ಆಕೆ ಮುಂದುವರಿಸಿದರು. "ಆ ತೊಟ್ಟಿಯಲ್ಲಿರುವುದು ತಿಳಿನೀರು. ಹಾಗಾದರೆ ಸೋಪಿನ ನೀರು ಎಲ್ಲಿಗೆ ಹೋಯಿತು? ದೋಣಿಯ ಹಿಂದಿನ ನೊರೆ ಅದನ್ನು ಹೇಳಿತು. ಕಳ್ಳ ಪೈಪಿನಲ್ಲಿ ಕೆರೆಗೆ ಬಿಡುವುದು, ತೊಟ್ಟಿಯನ್ನು ಸದಾ ತುಂಬಿಸಿಟ್ಟು ಅಖಿಲಾಗೆ ಮಟ್ಟ ತೋರಿಸುವುದು. ತಿಂಗಳುಗಟ್ಟಲೆ ನಿಂತ ನೀರಿಗೆ ಉಕ್ಕು ತುಕ್ಕು ಹಿಡಿಯುತ್ತದೆ. ಅದಕ್ಕೆ ಗ್ಯಾರೇಜುಗಳಿರುವ ಆಟೋನಗರದಿಂದ ತುಕ್ಕು ತಡೆಯುವ ಪುಡಿ ತಂದು ಕಲಸಿದ್ದಾರೆ. ನೋಡಲು ಉಪ್ಪಿನ ಹಾಗೆ, ರುಚಿಯೂ ಉಪ್ಪು. ಹೊಟ್ಟೆಗೆ ಹೋದರೆ ರಕ್ತ ಕಂದಾಗಿ ಆಕ್ಸಿಜನ್ ಹೊರಲಾರದು. ಹುಡುಗಿ ಉಪ್ಪುಪ್ಪು ಎಂದಿದ್ದಳಲ್ಲ."

"ಬಣ್ಣ ಬಳಿದವರು ಮೂವರಲ್ಲಿ ಯಾರಾದರೂ ಆಗಬಹುದಿತ್ತಲ್ಲ ಮೇಡಂ," ಎಂದರು ಎಸ್‌ಐ.

"ತೆಲುಗು ಮಾತ್ರ ಬಲ್ಲವರಿಗೆ ಅದು ಬರೀ ಬಲಗಡೆ. ಅದನ್ನು ಅಳಿಸಬೇಕೆಂದು ಅವರಿಗೆ ಏಕೆ ಹೊಳೆಯಬೇಕು? ಕನ್ನಡ ಬಲ್ಲವನಿಗೆ ಮಾತ್ರ ಆ ಅಕ್ಷರಕ್ಕೆ ಹೆದರಿಕೆ. ಕನ್ನಡ ಬಾರದು ಎಂದ ಇವರು ಸೀನಪ್ಪನಿಗೆ ಮಾತ್ರ ಸಕ್ಕರೆಯಿಲ್ಲದ ಟೀ ಕಳಿಸಿದರು. ಶುಗರ್ ಇದೆ ಎಂದು ಸೀನಪ್ಪ ಹೇಳಿದ್ದು ಕನ್ನಡದಲ್ಲಿ, ನನ್ನ ಕಿವಿಯಲ್ಲಿ."

ಜಗನ್ಮೋಹನ್ ನೆಲ ನೋಡುತ್ತ, ಹೊಸಪೇಟೆಯ ಗ್ಯಾರೇಜಿನಲ್ಲಿ ಎಂಟು ವರ್ಷ ಇದ್ದೆ ಎಂದ. ಹುಡುಗಿ ಆ ನಲ್ಲಿಯ ಮುಂದೆ ನಿಂತು ಕುಡಿಯುವುದನ್ನು ದೂರದಿಂದ ಕಂಡಿದ್ದ. ಅವಳು ಬಿದ್ದಾಗಲೇ ಅರ್ಥವಾಗಿತ್ತು. ಬಾಯಿಬಿಟ್ಟರೆ ದೋಣಿಯ ಲೈಸೆನ್ಸ್ ಹೋಗುತ್ತದೆ ಎಂದು ಸುಮ್ಮನಾದೆ ಎಂದ. ಪೈಪಿನ ವಿಷಯ ನನಗೂ ಗೊತ್ತಿತ್ತು, ಕೆಲಸ ಹೋಗುತ್ತದೆ ಎಂದು ಹೆದರಿದ್ದೆ ಎಂದು ಸಾಯಿತೇಜ ಒಪ್ಪಿಕೊಂಡ.

ಸೀನಪ್ಪ ಎದ್ದು ಜಗನ್ಮೋಹನ್ ಮುಂದೆ ಹೋಗಿ ನಿಂತ. ಹೊಡೆಯುತ್ತಾನೆ ಎಂದು ಎಸ್‌ಐ ಮುಂದೆ ಬಂದರು.

"ಮುದುಕ ಸಾಯಬಾರದು ಅಂತ ನನ್ನ ಗ್ಲಾಸು ಕಿತ್ತೆಯಲ್ಲಪ್ಪ," ಎಂದ ಸೀನಪ್ಪ. "ಆ ಮಗುಗೆ ಆ ಮಾತು ಎರಡು ಗಂಟೆ ಮುಂಚೆ ಹೇಳಿದ್ರೆ ನಿನ್ನ ಗಂಟು ಹೋಗ್ತಿತ್ತಾ?"

ಆಗ ಫೋನು ರಿಂಗಾಯಿತು. ಸೀನಪ್ಪನಿಂದ ಅದನ್ನು ಎತ್ತಲಾಗಲಿಲ್ಲ. ಸೂರ್ಯಕಾಂತಮ್ಮನೇ ಎತ್ತಿ ಕಿವಿಗಿಟ್ಟರು, ಕೇಳಿಸಿಕೊಂಡರು, ಅವನ ಕಡೆ ತಿರುಗಿದರು.

"ತುಟಿ ಕೆಂಪಾಗಾಕತ್ತೈತಂತ. ಮಾವ ಎಲ್ಲಿ ಅಂತ ಕೇಳಿದ್ಲಂತ."

ಸೀನಪ್ಪ ದೋಣಿಯ ಹಲಗೆಯ ಮೇಲೇ ಕೂತು ಅತ್ತ. ಕನಕದುರ್ಗ ಬಂದು ಅವನ ಬೆನ್ನು ಸವರಿದಳು.

ಎರಡು ದಿನ ಕಳೆದು ವರ್ಷಾಳನ್ನು ಮನೆಗೆ ಕಳಿಸಿದರು. ಆಸ್ಪತ್ರೆಯ ಬಾಗಿಲ ಬಳಿ ಅವಳಿಗೆ ಬಾಯಾರಿತು. ಗೋಡೆಗೆ ಒಂದು ನಲ್ಲಿ, ಮೇಲೆ ತೆಲುಗಿನ ಬೋರ್ಡು. ಅವಳು ಅಕ್ಷರ ಕೂಡಿಸಿಕೊಂಡು ಓದಿದಳು, ಓದಿ ಎರಡು ಹೆಜ್ಜೆ ಹಿಂದೆ ಸರಿದಳು.

"ತಾಗು ನೀರು ಅಂತೈತೆ ಮಾವ. ಮೈಗೆ ತಾಗಿದ್ರೆ ಏನಾತೈತೆ?"

"ಏನೂ ಆಗಲ್ಲ ಕಣವ್ವ. ಇವರ ಭಾಷೇಲಿ ತಾಗು ಅಂದ್ರೇನೇ ಕುಡಿ ಅಂತ."

ಅವಳು ನಂಬಲಿಲ್ಲ, ಅವನ ಮುಖವನ್ನೇ ನೋಡಿದಳು. ಸೀನಪ್ಪ ಲೋಟ ತೊಳೆದು, ನೀರು ಹಿಡಿದು, ಮೊದಲು ತಾನು ಪೂರ್ತಿ ಕುಡಿದ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಆಮೇಲೆ ಇನ್ನೊಂದು ಲೋಟ ಹಿಡಿದು ಅವಳಿಗೆ ಕೊಟ್ಟ.