ತಕ್ಕಡಿ ಬಿಟ್ಟುಕೊಟ್ಟ ಒಂದು ಬ್ಯಾಗು

ಅವನು ಮೊದಲ ಸಲ ಅವಳ ಕೌಂಟರಿಗೆ ಬಂದಾಗ ಒಂದರ ಮೇಲೊಂದು ಮೂರು ಶರಟು, ಅದರ ಮೇಲೊಂದು ಕೋಟು ಹಾಕಿಕೊಂಡಿದ್ದ.

“ಚಳಿನಾ?” ಎಂದಳು ಅವಳು, ಟಿಕೆಟ್ಟಿನಿಂದ ಕಣ್ಣೆತ್ತದೆ.

“ಇಲ್ಲ. ನಿಮ್ಮ ಭಯ.”

ಆಗ ಕಣ್ಣೆತ್ತಿದಳು. ಬೆವರಿನಿಂದ ಅವನ ಹಣೆ ಹೊಳೆಯುತ್ತಿತ್ತು. ತುಟಿಯ ಒಂದು ತುದಿ ಮಾತ್ರ ನಗುತ್ತಿತ್ತು.

ಅಗ್ಗದ ಟಿಕೆಟ್ಟಿನ ಆ ವಿಮಾನ ಕಂಪನಿಯಲ್ಲಿ ಅವಳಿಗೆ ‘ತಕ್ಕಡಿ’ ಎಂದೇ ಹೆಸರು. ಪಕ್ಕದ ಕೌಂಟರಿನವರು ಗುರುತಿನ ಮುಖ ಕಂಡರೆ ಒಂದೆರಡು ಕಿಲೋ ಕಂಡೂ ಕಾಣದಂತೆ ಬಿಡುತ್ತಿದ್ದರು. ಇವಳು ಬಿಟ್ಟವಳಲ್ಲ. ಸ್ವಂತ ಚಿಕ್ಕಮ್ಮನ ಸೂಟ್‌ಕೇಸಿಗೂ ಚಾರ್ಜು ಹಾಕಿದ್ದಳು. ಚಿಕ್ಕಮ್ಮ ಅಂದಿನಿಂದ ಅವಳ ಫೋನ್ ಎತ್ತುವುದಿಲ್ಲ.

“ಇನ್ನೂ ಜಾಸ್ತಿ ಇದೆ,” ಎಂದಳು ಬೆಲ್ಟಿನ ಮೇಲಿದ್ದ ಬ್ಯಾಗು ನೋಡಿ.

“ಒಳಗಿರೋದು ಟೈಲ್ಸ್ ರೀ. ಸ್ಯಾಂಪಲ್. ಅದನ್ನ ಹೇಗೆ ಹಾಕ್ಕೊಳ್ಳಲಿ?”

“ಜೇಬಿದೆಯಲ್ಲ.”

ಅವನು ನಿಜವಾಗಿಯೂ ಎರಡು ಟೈಲ್ಸ್ ತೆಗೆದು ಕೋಟಿನ ಎರಡು ಜೇಬಿಗೆ ಇಳಿಬಿಟ್ಟ. ನಡೆದಾಗ ಟಣ್ ಟಣ್ ಎಂದಿತು. ಆ ಸದ್ದು ಜನರ ಗದ್ದಲದಲ್ಲಿ ಕರಗುವವರೆಗೂ ಅವಳು ಮುಂದಿನವರನ್ನು ಕರೆಯಲಿಲ್ಲ.

ಆಮೇಲೆ ಅವನು ಹೆಚ್ಚುಕಡಿಮೆ ಪ್ರತಿ ವಾರ ಬರತೊಡಗಿದ. ಪಕ್ಕದ ಕೌಂಟರ್ ಖಾಲಿಯಿದ್ದರೂ ಅವಳ ಸಾಲಿನಲ್ಲೇ ನಿಲ್ಲುತ್ತಿದ್ದ. ಸಾಲಿನಲ್ಲಿ ನಿಂತಲ್ಲಿಂದಲೇ ನೋಡುತ್ತಿದ್ದ. ಅವಳು ನೋಡಿದರೆ ಮೇಲಿನ ಬೋರ್ಡು ಓದುವವನಂತೆ ಕತ್ತೆತ್ತುತ್ತಿದ್ದ.

“ಒಂದು ಕೇಳ್ತೀನಿ. ಟಿಕೆಟ್ಟಿಗೆ ದುಡ್ಡು ಕೊಟ್ಟ ಮೇಲೆ ಬ್ಯಾಗಿಗೆ ಯಾಕೆ ಬೇರೆ?”

“ಟಿಕೆಟ್ ಕಮ್ಮಿ ರೇಟು ಅಂತ ತೋರಿಸಿದ್ರೆ ತಾನೆ ನೀವು ಬರೋದು? ಅಲ್ಲಿ ಬಿಟ್ಟಿದ್ದನ್ನ ಇಲ್ಲಿ ಹಿಡೀತಾರೆ. ಮೇಲಾಗಿ ಭಾರ ಇದ್ದಷ್ಟೂ ಎಣ್ಣೆ ಜಾಸ್ತಿ ಸುಡತ್ತೆ.”

“ಹಾಗಾದ್ರೆ ನನ್ನ ಮುಂದೆ ಇದ್ರಲ್ಲ, ಆ ಗುಂಡಣ್ಣ? ಅವರನ್ನ ಯಾಕೆ ತೂಗಲಿಲ್ಲ?”

“ಮನುಷ್ಯರನ್ನ ತೂಗೋ ಹಾಗಿಲ್ಲ.”

“ನೀವು ನನ್ನನ್ನ ಪ್ರತಿ ಸಲ ತೂಗ್ತಿದೀರಿ.”

ಅವಳ ಕಿವಿ ಕೆಂಪಾಯಿತು. ಅದನ್ನು ಅವನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು.

ಪ್ರತಿ ಸಲ ಅವನ ಬ್ಯಾಗು ಜಾಸ್ತಿಯೇ ಇರುತ್ತಿತ್ತು, ಪ್ರತಿ ಸಲ ಒಂದು ನೆಪವೂ ಇರುತ್ತಿತ್ತು. ಒಮ್ಮೆ ಬೆನ್ನುನೋವು. ಒಮ್ಮೆ, ಚಾರ್ಜು ಕಟ್ಟಿದರೆ ಯಜಮಾನರು ಕೆಲಸದಿಂದ ತೆಗೆಯುತ್ತಾರೆ ಎಂಬ ಗೋಳು. ಅವಳು ನಗುತ್ತಲೇ ಕಾರ್ಡು ಉಜ್ಜಿಸಿಕೊಳ್ಳುತ್ತಿದ್ದಳು. ಬೇಕಾದರೆ ಉಪಾಯ ಹೇಳಿಕೊಡುತ್ತಿದ್ದಳು: ಮನೆಯಲ್ಲೇ ತೂಗಿ ಬನ್ನಿ, ಮುಂಚೆಯೇ ಆನ್‌ಲೈನಲ್ಲಿ ಕಟ್ಟಿದರೆ ಅರ್ಧಕ್ಕರ್ಧ ಕಮ್ಮಿ, ಬೂಟು ಕಾಲಲ್ಲಿರಲಿ. ಪಕ್ಕದ ಕೌಂಟರಿನವಳು ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದಳು, “ಕಂಪನಿ ಅನ್ನ ತಿಂದು ಟೈಲ್ಸ್‌ನವನಿಗೆ ಪಾಠ ಹೇಳ್ತೀಯಲ್ಲೇ.”

ಒಂದು ದಿನ ಅವನ ವಿಮಾನ ತಡವಾಯಿತು, ಅವಳ ಪಾಳಿ ಮುಗಿದಿತ್ತು. ಕಾಫಿ ಮೆಷಿನ್ ಪಕ್ಕದ ಬೆಂಚಿನಲ್ಲಿ ಇಬ್ಬರೂ ಕೂತರು. ಮಾತು ಎಲ್ಲೆಲ್ಲೋ ಹೋಗಿ, ತೀರಿಕೊಂಡ ಅವಳ ಅಮ್ಮನ ಹತ್ತಿರ ನಿಂತಿತು.

“ಆಸ್ಪತ್ರೆಯಿಂದ ಅಮ್ಮನ ಸಾಮಾನು ಒಂದು ಬ್ಯಾಗಲ್ಲಿ ಕೊಟ್ರು. ಎರಡು ಸ್ವೆಟರ್, ಕನ್ನಡಕ, ಅರ್ಧ ಓದಿದ ವಾರಪತ್ರಿಕೆ. ಭಾವ ಡಿಕ್ಕಿಲಿ ಹಾಕು ಅಂದ್ರು. ನಾನು ಹಾಕಲಿಲ್ಲ. ಮನೆವರೆಗೂ ತೊಡೆ ಮೇಲೇ ಇಟ್ಕೊಂಡು ಬಂದೆ.”

ಅವನು ಪೇಪರ್ ಕಪ್ಪನ್ನು ತಿರುಗಿಸುತ್ತ ಕೂತಿದ್ದ. ಅವಳಿಗೆ ಆ ಮೌನ ಎಷ್ಟು ಹಿಡಿಸಿತೆಂದರೆ, ಅಕ್ಕ-ಭಾವನ ಮನೆಯ ತನ್ನ ಪುಟ್ಟ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅದನ್ನೇ ಮತ್ತೆ ಮತ್ತೆ ನೆನೆದಳು.

ಮುಂದಿನ ವಾರ ಅವನು ಗಡ್ಡ ಬಿಟ್ಟುಕೊಂಡು ಬಂದ. ಜೊತೆಗೆ ದೊಡ್ಡದೊಂದು ಹಳೆಯ ಸೂಟ್‌ಕೇಸು.

“ಟೈಲ್ಸ್ ಎಲ್ಲಿ?”

“ಅಮ್ಮ ಹೋಗ್ಬಿಟ್ರು.” ಅವನ ದನಿ ಕೇಳಿಸುವಷ್ಟೇ ಇತ್ತು. “ಅವರ ಸಾಮಾನು. ಯಾವುದನ್ನೂ ಬಿಡಕ್ಕೆ ಮನಸ್ಸಾಗಲಿಲ್ಲ. ಏನಾದ್ರೂ ಮಾಡಕ್ಕಾಗತ್ತಾ?”

ಭಾರ ಮಿತಿಗಿಂತ ಎಷ್ಟೋ ಮೇಲಿತ್ತು. ಕಾರ್ಡಿನ ಯಂತ್ರ ಅವಳ ಕೈಗೆ ತಗಲುವಷ್ಟು ಹತ್ತಿರವಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಸೂಟ್‌ಕೇಸಿಗೆ ಚೀಟಿ ಕಟ್ಟಿ ಬೆಲ್ಟ್ ಓಡಿಸಿದಳು. ನಂತರ ಅಷ್ಟು ಜನರ ಮುಂದೆ ಕೌಂಟರಿನ ಮೇಲಿದ್ದ ಅವನ ಕೈ ಹಿಡಿದಳು.

“ಊಟ ಮಾಡಿದ್ರಾ?”

ಅವನು ಕೈ ಬಿಡಿಸಿಕೊಂಡು, ತಿರುಗಿ ನೋಡದೆ ಹೋದ. ಪಾಪ, ಸಂಕಟ ತಡೆಯಲಾಗಲಿಲ್ಲ ಎಂದುಕೊಂಡಳು.

ಮುಂದಿನ ವಾರ ಹೊಸ ಓಲೆ ಹಾಕಿಕೊಂಡು ಕಾದಳು. ಅವನು ಸಾಲಿನಲ್ಲಿ ಇರಲಿಲ್ಲ. ಮ್ಯಾನೇಜರ್ ಕರೆಯುತ್ತಿದ್ದಾರೆ ಎಂದರು. ಹೋದಳು. ಅವನು ಅಲ್ಲಿದ್ದ. ನುಣ್ಣಗೆ ಕ್ಷೌರ ಮಾಡಿಕೊಂಡು, ಕೊರಳಿಗೆ ಕಂಪನಿಯ ಗುರುತಿನ ಚೀಟಿ ಹಾಕಿಕೊಂಡು, ಮ್ಯಾನೇಜರ್ ಪಕ್ಕದ ಕುರ್ಚಿಯಲ್ಲಿ ಕೂತಿದ್ದ.

“ಇವರು ಹೆಡ್ ಆಫೀಸಿನವರು,” ಎಂದರು ಮ್ಯಾನೇಜರ್. “ಬ್ಯಾಗಿನ ಚಾರ್ಜು ಎಲ್ಲಿ ಸೋರ್ತಿದೆ ಅಂತ ನೋಡಕ್ಕೆ ಪ್ಯಾಸೆಂಜರ್ ಥರ ಕಳಿಸಿದ್ರು. ಯಾರು ಬಿಟ್ರೂ ನೀನು ಬಿಡಲ್ಲ ಅಂದಿದ್ದೆ ಕಣಮ್ಮ. ನನ್ನ ಮಾನ ತೆಗೆದೆ. ಯಾಕೆ ಬಿಟ್ಟೆ ಆ ಬ್ಯಾಗು?”

ಅವಳು ಅವನನ್ನೇ ನೋಡಿದಳು. ಅವನು ತನ್ನ ಪೆನ್ನಿನ ಮುಚ್ಚಳ ನೋಡುತ್ತಿದ್ದ.

“ತಪ್ಪಾಯ್ತು ಸರ್.”

ಕೊರಳಿನ ಸಮವಸ್ತ್ರದ ಸ್ಕಾರ್ಫನ್ನು ಅಲ್ಲೇ ಬಿಚ್ಚಿಸಿಕೊಂಡರು. ಕೌಂಟರ್‌ಗಳ ಮುಂದೆ ಹಾದು ಬರುವಾಗ ಯಾರೋ “ತಕ್ಕಡಿ ವಾಲಿತು” ಎಂದರು, ಯಾರೋ ಕಿಸಕ್ಕೆಂದರು.

ಬಸ್ ಸ್ಟಾಪಿಗೆ ಅವನು ಓಡುತ್ತ ಬಂದ.

“ನನಗೆ ಬೇರೆ ದಾರಿ ಇರಲಿಲ್ಲ. ಬ್ಯಾಗನ್ನ ಒಳಗೆ ಇನ್ನೊಂದು ಸಲ ತೂಗ್ತಾರೆ. ನಾನು ಮುಚ್ಚಿಟ್ಟಿದ್ರೆ ನನ್ನ ಕೆಲಸ ಹೋಗ್ತಿತ್ತು.”

“ಅದಕ್ಕೆ ನಂದು ಹೋಯ್ತು.”

“ನೀವು ಕೆಲಸದ ಚಿಂತೆ ಬಿಡಿ. ನನ್ನನ್ನ ಮದುವೆ ಆಗಿ.” ಅವನಿಗೆ ಉಸಿರು ಸಿಗುತ್ತಿರಲಿಲ್ಲ. “ನಾನು ನಿಮ್ಮನ್ನ ತುಂಬಾ ಇಷ್ಟಪಡ್ತೀನಿ. ಸುಳ್ಳಲ್ಲ. ಅಮ್ಮನಿಗೂ ಹೇಳಿದೀನಿ. ನಿಮ್ಮನ್ನ ನೋಡಬೇಕು ಅಂತಿದಾರೆ.”

“ಯಾವ ಅಮ್ಮ?”

ಒಂದು ಬಸ್ಸು ಬಂದು ನಿಂತು, ಜನರನ್ನಿಳಿಸಿ ಹೋಯಿತು.

“ನೀವು ಯಾವುದಕ್ಕೂ ಜಗ್ಗಲಿಲ್ಲ,” ಎಂದ ಕೊನೆಗೆ. “ಬೆನ್ನುನೋವು ಅಂದೆ, ಕೆಲಸ ಅಂದೆ. ಆಫೀಸಿನವರು ಇನ್ನೊಂದೇ ಒಂದು ಸಲ ನೋಡು ಅಂದ್ರು. ಅವತ್ತೂ ನೀವು ಬಿಡಬಾರದು ಅಂತಲೇ ಬೇಡ್ಕೊಂಡು ಬಂದಿದ್ದೆ.”

“ಬೇಡ್ಕೊಂಡು, ನಮ್ಮಮ್ಮನ ಬ್ಯಾಗು ತಗೊಂಡು ಬಂದ್ರಿ.”

ಅವನ ಕಣ್ಣು ತುಂಬಿತು. ಈ ಸಲ ಅದು ನಿಜ ಎಂದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದರಿಂದ ಏನೂ ಹಗುರಾಗಲಿಲ್ಲ.

“ಒಂದೇ ಒಂದು ಮಾತು ಹೇಳಿಬಿಡಿ,” ಎಂದ. “ನನ್ನ ಮೇಲಿನ ಪ್ರೀತಿಯಿಂದ ತಾನೆ ಬಿಟ್ಟಿದ್ದು? ಅಷ್ಟು ಸಾಕು ನನಗೆ.”

ಆ ಮಾತಿಗಾಗಿ ಅವನು ಎಷ್ಟು ಹಸಿದಿದ್ದಾನೆಂದು ಅವನ ಮುಖದಲ್ಲೇ ಕಾಣುತ್ತಿತ್ತು. ಅವಳು ಅದನ್ನು ಚೆನ್ನಾಗಿ ನೋಡಿಕೊಂಡಳು.

“ಇಲ್ಲ,” ಎಂದಳು. “ಅಯ್ಯೋ ಪಾಪ ಅನ್ನಿಸ್ತು. ಅವತ್ತು ಯಾರು ಬಂದಿದ್ರೂ ಬಿಡ್ತಿದ್ದೆ. ನೀವು ನನಗೆ ಸಾಲಲ್ಲಿ ನಿಂತ ಒಬ್ಬರು, ಅಷ್ಟೇ.”

ಮಾತು ನಾಟಿತು. ಅವನ ಭುಜ ಕುಸಿದದ್ದು ಕಂಡಿತು. ಒಂದು ಗಳಿಗೆ ಅವಳಿಗೆ ಹಾಯೆನಿಸಿತು. ಬಸ್ಸು ಹತ್ತಿ ಕೂತ ಮೇಲೆ ಆ ಹಾಯಿ ಎಲ್ಲಿಯೂ ಸಿಗಲಿಲ್ಲ.

ಮನೆಯಲ್ಲಿ ಭಾವ ಸುದ್ದಿ ಕೇಳಿ, “ಹಾಗಾದ್ರೆ ಇನ್ನು ಪೂರ್ತಿ ನಮ್ಮ ತಲೆ ಮೇಲೇ,” ಎಂದು ಟೀವಿಯ ದನಿ ಜೋರು ಮಾಡಿದರು. ಅಕ್ಕ ಕೋಣೆಗೆ ಬಂದು ಬಾಗಿಲು ಮುಚ್ಚಿದಳು. ಮಂಚದ ಮೇಲೆ ಕೂತು ತಂಗಿಯ ಜಡೆಯ ಪಿನ್ನುಗಳನ್ನು ಒಂದೊಂದಾಗಿ ತೆಗೆಯತೊಡಗಿದಳು.

“ಇಷ್ಟ ಆಗಿದ್ನಾ?”

“ತುಂಬಾ ಅಕ್ಕ.”

“ಹೇಳಿದ್ಯಾ?”

“ಇಷ್ಟ ಇಲ್ಲ ಅಂದೆ. ನಂಬಿದ.”

ಅಕ್ಕನ ಕೈ ನಿಂತಿತು. “ನಿನಗೂ ಬುದ್ಧಿ ಇಲ್ಲ, ಅವನಿಗೂ ಇಲ್ಲ,” ಎಂದಳು ಮೆಲ್ಲಗೆ.

ಅವನು ವಿಳಾಸ ಹುಡುಕಿಕೊಂಡು ಎರಡು ಸಲ ಬಂದ. ಎರಡನೆಯ ಸಲ ಕೆಲಸ ಬಿಟ್ಟು ಬಂದಿದ್ದ, ಅದನ್ನೇ ಬಾಗಿಲಲ್ಲಿ ನಿಂತು ಅಕ್ಕನಿಗೆ ಹೇಳುತ್ತಿದ್ದ. ಜೊತೆಯಲ್ಲಿ ವಯಸ್ಸಾದ ಹೆಂಗಸಿನ ದನಿಯೂ ಇತ್ತು. “ಮಗೂನ ಒಂದು ಸಲ ಕರೀರಮ್ಮ, ನಾನು ಕ್ಷಮೆ ಕೇಳ್ತೀನಿ” ಎನ್ನುತ್ತಿತ್ತು. ಅಡುಗೆಮನೆಯ ಬಾಗಿಲ ಹಿಂದೆ ಅವಳು ಬಾಯಿಗೆ ಕೈ ಒತ್ತಿಕೊಂಡು ನಿಂತಿದ್ದಳು. ಅಕ್ಕ ತಿರುಗಿ ನೋಡಿದಳು. ಅವಳು ಬೇಡವೆಂದು ತಲೆಯಾಡಿಸಿದಳು.

“ಮನೇಲಿಲ್ಲ,” ಎಂದಳು ಅಕ್ಕ.

ಆ ಮುದುಕಿ ಮೆಟ್ಟಿಲಿಳಿಯಲು ಬಹಳ ಹೊತ್ತು ಹಿಡಿಯಿತು. “ನಿಧಾನ ಅಮ್ಮ, ನಿಧಾನ,” ಎಂದು ಅವನು ಪ್ರತಿ ಮೆಟ್ಟಿಲಿಗೂ ಹೇಳುವುದು ಕೆಳಗಿನವರೆಗೂ ಕೇಳಿಸುತ್ತಿತ್ತು.