ಮಂಗಳವಾರದ ಬೇವು

ಮಾಗಡಿ ಸೀಮೆಯಲ್ಲಿ ನನ್ನಂತೆ ಮರ ಹತ್ತುವವನು ಹುಟ್ಟಿಲ್ಲ. ಕುರಿಗೆ ಸೊಪ್ಪು ಕಡಿದೂ ಕಡಿದೂ, ಮಂಗಗಳೇ ನನ್ನ ಹತ್ತಿರ ಟ್ಯೂಷನ್‌ಗೆ ಬರುವಂತಾಗಿತ್ತು. ಆಸ್ಪತ್ರೆ ಗೇಟಿನ ಬೇವಿನಮರದ ತುದಿಯಲ್ಲಿ ಕೂತರೆ ಸಾವನದುರ್ಗ ನನ್ನ ಮೊಣಕಾಲಿಗೆ ಬರುತ್ತಿತ್ತು. ಕೆಳಗೆ ಸ್ಟಾಫ್ ನರ್ಸ್ ವರಲಕ್ಷ್ಮಿ ಕತ್ತೆತ್ತಿ ನಿಂತಿರುತ್ತಿದ್ದಳು. ಅವಳೊಮ್ಮೆ ಕಣ್ಣು ಮಿಟುಕಿಸಿದರೆ ಕುದೂರಿನವರೆಗೆ ಕರೆಂಟು ಹೋಗಿ ಬರುತ್ತಿತ್ತು.

"ಎಳೇ ಚಿಗುರು ಕೀಳು ಬೈರೇಶ. ಬಿದ್ರೆ ಹೊಲಿಗೆ ಹಾಕೋಳು ನಾನೇ."

"ಹಂಗಾದ್ರೆ ಈಗ್ಲೇ ಬಿದ್ಬುಡ್ತೀನಿ."

ಆ ಚಿಗುರನ್ನು ಅವಳು ಪ್ರತಿ ಮಂಗಳವಾರ ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅಂದು ಮಾನಸಿಕ ರೋಗದ ಡಾಕ್ಟರು ಬರುವ ದಿನ. ಆ ರೋಗಿಗಳಿಗೆ ಹಿಡಿದ ಗಾಳಿ ನಮಗೂ ಸೋಕುತ್ತದೆ, ಬೇವಿದ್ದರೆ ಹತ್ತಿರ ಸುಳಿಯದು ಎಂದು ಹಿರಿಯ ನರ್ಸ್ ವೆಂಕಟಲಕ್ಷ್ಮಮ್ಮ ಹೇಳಿಕೊಟ್ಟಿದ್ದರಂತೆ. ಮಾತ್ರೆಯನ್ನೂ ನರ್ಸುಗಳು ಆ ರೋಗಿಗಳ ಕೈಗೆ ಕೊಡದೆ, ಮೇಜಿನ ಮೇಲಿಟ್ಟು ತಳ್ಳುತ್ತಿದ್ದರು.

ಲೋಕದ ಸುಳ್ಳನ್ನೆಲ್ಲ ಹೇಳಿದ ನಾನು ಒಂದು ನಿಜವನ್ನು ಮಾತ್ರ ಹೇಳಿರಲಿಲ್ಲ. ಅದೇ ಮಾತ್ರೆಯನ್ನು ನಾನು ರಾಮನಗರದಿಂದ ತಂದು ನುಂಗುತ್ತಿದ್ದೆ. ಅಪ್ಪ ಸತ್ತ ವರ್ಷ ನಿದ್ದೆ ಬಿಟ್ಟು, ಕುರಿ ಬಿಟ್ಟು, ಯಾರೋ ಕರೆಯುತ್ತಿದ್ದಾರೆಂದು ಊರೂರು ಅಲೆದವನು ನಾನು. ನನ್ನಂಥವರಿಂದ ಅವಳನ್ನು ಕಾಯುವ ಬೇವನ್ನು ನಾನೇ ಕಿತ್ತುಕೊಡುತ್ತಿದ್ದೆ.

ತನ್ನ ಮನೆಗೆ ಬಂದು ತನ್ನಪ್ಪನ ಹತ್ತಿರ ಮದುವೆ ಮಾತಾಡು ಎಂದಳು ವರಲಕ್ಷ್ಮಿ ಒಮ್ಮೆ. ಅದಕ್ಕೆ ಮೊದಲು ಅವಳಿಗೆ ತಿಳಿಯಬೇಕಿತ್ತು. ಮಳೆಯನ್ನೇ ಮಾತಿನಲ್ಲಿ ತಡೆದು ನಿಲ್ಲಿಸುವ ನನಗೆ ಬಾಯೇ ಬರಲಿಲ್ಲ. ಮಂಗಳವಾರ ಎಂದಿನಂತೆ ಚಿಗುರು ಕೊಟ್ಟು, ಹೋಗಿ ಆ ರೋಗಿಗಳ ಮಾತ್ರೆ ಸಾಲಿನಲ್ಲಿ ನಿಂತೆ.

ನನ್ನ ಸರದಿ ಬಂದಾಗ, ಇದೂ ಒಂದು ತಮಾಷೆಯೆಂದು ವರಲಕ್ಷ್ಮಿ ನಕ್ಕಳು. ನಾನು ಮಾತ್ರೆಯ ಹೆಸರು ಹೇಳಿದೆ. ನಗು ಆರಿತು. ಅವಳ ಕೈ ತಾನಾಗಿಯೇ ತುರುಬಿನ ಚಿಗುರಿಗೆ ಹೋಯಿತು. ಅದನ್ನು ದೊಡ್ಡದು ಮಾಡಿ ಹೇಳುವ ಶಕ್ತಿ ನನಗೂ ಇಲ್ಲ.

ಮಾತ್ರೆಯನ್ನು ಮೇಜಿನ ಮೇಲಿಟ್ಟಳು. ತಳ್ಳಲಿಲ್ಲ.

"ಗಾಳಿ ಹಿಡ್ದೋರು ಬೇವು ಮುಟ್ಟಾಕಿಲ್ಲ ಅಂತಾರೆ," ಎಂದಳು ಮೆಲ್ಲಗೆ. "ನೀನು ಮರದ್ಮೇಲೇ ಕುಂತಿರ್ತಿದ್ದಲ್ಲ."

"ಗಾಳಿ ಅಲ್ಲ ವರಾ, ಕಾಯ್ಲೆ. ಮಾತ್ರೆ ತಗಂಡ್ರೆ ಒಸಿ ನಿದ್ದೆ ಬತ್ತದೆ. ಕುರಿ ಹಿಂದೆ ಹೋಗಕಾಯ್ತದೆ."

ವೆಂಕಟಲಕ್ಷ್ಮಮ್ಮ ನೋಡುತ್ತಿದ್ದರು. ಸಾಲಿಗೆ ಸಾಲೇ ನೋಡುತ್ತಿತ್ತು. ವರಲಕ್ಷ್ಮಿ ಚಿಗುರನ್ನು ತೆಗೆಯಲಿಲ್ಲ. ಮೇಜು ಬಳಸಿ ಬಂದು, ನನ್ನ ಅಂಗೈ ಬಿಡಿಸಿ, ಮಾತ್ರೆಯಿಟ್ಟು, ಬೆರಳು ಒಂದೊಂದಾಗಿ ಮಡಿಚಿದಳು.

"ಭಾನ್ವಾರ ಬಾ. ಅಪ್ಪಂಗೆ ಇದನ್ನೇ ಮೊದ್ಲು ಹೇಳು. ಮರ ಹತ್ತಿದ್ದು ಆಮೇಲೆ."

ಸಾಲಿನಲ್ಲಿ ನನ್ನ ಹಿಂದಿದ್ದ ಮುದುಕಿ ಮಾಯಮ್ಮ ಮೇಜಿನ ಕಡೆ ಹೋಗಲಿಲ್ಲ. ನಿಂತಲ್ಲೇ ಅಂಗೈ ಬಿಡಿಸಿ ಮುಂದೆ ಹಿಡಿದಳು. ವರಲಕ್ಷ್ಮಿ ಅವಳ ಕಡೆ ತಿರುಗಿದಳು.