ಪಾಸ್‌ವರ್ಡ್ ಹಾಕ್ಬೇಡಿ!

"ಪಾಸ್‌ವರ್ಡ್ ಹಾಕ್ಬೇಡಿ! ನಿಲ್ಸಿ...!"

ಕೂಗಿದ್ದಷ್ಟೇ ಅಲ್ಲ, ವಿನುತಾ ಓಡಿಬಂದು ಅವನ ಕೈಯನ್ನೇ ಹಿಡಿದುಬಿಟ್ಟಳು!

ಚಾಮರಾಜಪೇಟೆಯ ಅವಳ ಕಂಪ್ಯೂಟರ್ ತರಗತಿಯಲ್ಲಿ ಎಲ್ಲರೂ ತಿರುಗಿ ನೋಡಿದರು. ಹಿಡಿದದ್ದು ಗುರುತು ಪರಿಚಯವಿಲ್ಲದ ಗಂಡಸಿನ ಕೈ ಎಂದು ಆಗ ಹೊಳೆಯಿತು ನೋಡಿ, ತಟ್ಟನೆ ಬಿಟ್ಟಳು.

"ಯಾಕ್ ಮೇಡಂ, ಶಾಕ್ ಹೊಡೀತಿತ್ತಾ?" ಎಂದು ಅವನು ನಕ್ಕ.

ಅವನು ಧರ್ಮೇಂದ್ರ. ಗಾಂಧಿಬಜಾರಿನಲ್ಲಿ ಸೊಪ್ಪಿನ ಅಂಗಡಿ. ಸ್ನೇಹಿತನೊಬ್ಬ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟಿದ್ದ ಹಳೇ ಲ್ಯಾಪ್‌ಟಾಪಿಗೆ ಇನ್ನೊಂದು ಬ್ರೌಸರ್ ಹಾಕಿಸಲು ಬಂದವನು, ಕಾದು ಬೇಸತ್ತು ತಾನೇ ಒಂದನ್ನು ಇಳಿಸಿಕೊಂಡಿದ್ದ.

"ಎಲ್ಲಿಂದ ತಗೊಂಡ್ರಿ ಇದನ್ನ?"

"ಹುಡುಕ್ದಾಗ ಮೊದಲ್ನೇ ಲಿಂಕ್ ಇದೇ ಬಂತು. ಲಕ್ಷಾಂತರ ಜನ ಹಾಕ್ಕೊಂಡಿದಾರೆ ಅಂತ ಬರ್ದಿತ್ತು."

"ಇದು ಬ್ರೌಸರ್ ಮಾಡಿದೋರ ಸೈಟ್ ಅಲ್ಲ ರೀ! ಮಧ್ಯದಲ್ಲಿ ಯಾರೋ ಇಟ್ಟಿರೋದು. ಒಳಗೆ ಏನ್ ಸೇರ್ಸಿದಾರೋ! ಪಾಸ್‌ವರ್ಡ್ ಕೊಟ್ರೆ ಮನೆ ಬೀಗದ ಕೈ ಕೊಟ್ಟ ಹಾಗೆ. ಲಿನಕ್ಸ್‌ಗೆ ಅದರದೇ ಆಪ್ ಸ್ಟೋರ್ ಇರತ್ತೆ, ಮೊದ್ಲು ಅಲ್ಲಿ ನೋಡಿ. ಇಲ್ವಾ, ಮಾಡಿದೋರ ಸೈಟಿಗೇ ಹೋಗಿ. ಮಧ್ಯದೋರನ್ನ ಮಾತ್ರ ನಂಬ್ಬೇಡಿ."

"ಗಂಡು ವಿಚಾರ್ಸೋ ಹಾಗೆ ಅನ್ನಿ. ಬ್ರೋಕರ್ ಮಾತು ಕೇಳ್ದೆ ಮನೆಗೇ ಹೋಗಿ ನೋಡ್ಬೇಕು."

ಅವಳಿಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಅಂಗಡಿ ಬಿಡುವಾದಾಗಲೆಲ್ಲ ಲ್ಯಾಪ್‌ಟಾಪ್ ಹಿಡಿದು ಬರತೊಡಗಿದ. ಬ್ರೌಸರ್ ಹಾಕೋಣ ಎಂದರೆ, "ನಾಳೆ ಹಾಕೋಣ ಮೇಡಂ" ಎನ್ನುವನು. ಹಾಕಿ ಮುಗಿದರೆ ಬರಲು ನೆಪ ಬೇಕಲ್ಲ! ಅದು ವಿನುತಾಳಿಗೂ ಗೊತ್ತಿತ್ತು. ಒಂದು ದಿನ ಅವನು ತಲೆ ತಗ್ಗಿಸಿ, "ಅಮ್ಮನ್ನ ನಿಮ್ಮನೆಗೆ ಕಳಿಸ್ಲಾ?" ಎಂದಾಗ ಅವಳು "ಹೂಂ" ಎಂದಿದ್ದಳು.

ಅಷ್ಟರಲ್ಲಿ ಸೋದರಮಾವ ಶೀನಣ್ಣ ಬಂದು ಕಲ್ಲು ಹಾಕಿದ.

"ಬೇಡ ಕಣಮ್ಮ ಆ ಸಂಬಂಧ. ಶ್ರೀರಾಂಪುರದ ಯಶಶ್ರೀ ಅನ್ನೋ ಹುಡುಗಿ ಜೊತೆ ನಿಶ್ಚಿತಾರ್ಥ ಆಗಿ, ಆಮೇಲೆ ಕೈಬಿಟ್ಟೋನು ಅವ್ನು. ಇಡೀ ಬೀದಿಗೇ ಗೊತ್ತು!"

'ನಿಶ್ಚಿತಾರ್ಥ...! ನನಗೆ ಒಂದು ಮಾತು ಹೇಳಲಿಲ್ಲವಲ್ಲ...' ವಿನುತಾ ಅವನ ಫೋನ್ ತೆಗೆಯಲಿಲ್ಲ. ಅವನೇ ಬಂದಾಗ ಮುಖ ಎತ್ತಿ ನೋಡಲೂ ಇಲ್ಲ.

"ಯಶಶ್ರೀ ವಿಷಯ ಗೊತ್ತಾಯ್ತು. ಇನ್ಮೇಲೆ ಬರ್ಬೇಡಿ."

"ಯಾರ್ ಹೇಳಿದ್ರು?"

"ಎಲ್ರೂ ಹೇಳ್ತಾರೆ."

ಅವನು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟ. "ನನ್ನನ್ನ ಒಂದ್ ಮಾತು ಕೇಳ್ಬಹುದಿತ್ತು, ವಿನುತಾ" ಎಂದು ಹೊರಟುಹೋದ. ಲ್ಯಾಪ್‌ಟಾಪ್ ಅಲ್ಲೇ ಉಳಿಯಿತು. ಅದನ್ನು ನೋಡಿದಾಗಲೆಲ್ಲ ಅವಳಿಗೆ ಅಳು ಬರುತ್ತಿತ್ತು.

ಪಾಠವನ್ನಂತೂ ನಿಲ್ಲಿಸುವಂತಿಲ್ಲವಲ್ಲ. ಒಂದು ಮಧ್ಯಾಹ್ನ, ಹೊಸದಾಗಿ ಸೇರಿದ್ದ ಪಾರ್ವತಮ್ಮನವರು ಯಾವುದೋ ಸೈಟಿನ ಬ್ರೌಸರ್ ಲಿಂಕ್ ತೋರಿಸಿ ಕೇಳಿದರು. "ಇಷ್ಟೊಂದು ಜನ ಒಳ್ಳೇದು ಅಂತಿದಾರಲ್ಲಮ್ಮ, ಸಾಲ್ದಾ? ಮಾಡಿದೋರ ಹತ್ರಾನೇ ಹೋಗ್ಬೇಕಾ?"

"ಸಾಲಲ್ಲ ಆಂಟಿ. ಎಷ್ಟು ಜನ ಹೇಳಿದ್ರೂ, ಮೂಲದಲ್ಲಿ ಹೋಗಿ ಕೇಳ್ದೆ..."

ವಿನುತಾಳ ಮಾತು ಅಲ್ಲೇ ನಿಂತಿತು.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಒಂದು ಬ್ರೌಸರಿಗೆ ಇಷ್ಟು ಜಾಗ್ರತೆ ಹೇಳುವ ಹುಡುಗಿ, ಒಬ್ಬ ಮನುಷ್ಯನ ವಿಷಯದಲ್ಲಿ ಬೀದಿ ಮಾತನ್ನು ಹಾಗೇ ಒಳಗೆ ಬಿಟ್ಟುಕೊಂಡಿದ್ದಳು.

ಆಗಲೇ ಮಾವನಿಗೆ ಫೋನ್ ಮಾಡಿದಳು. "ಮಾವ, ಆ ಹುಡುಗೀನ ನೀನೇ ಕೇಳಿದ್ಯಾ?"

"ಕೇಳೋದೇನಮ್ಮ ಅದ್ರಲ್ಲಿ?"

"ಹಾಗಾದ್ರೆ ವಿಳಾಸ ಕೊಡು."

ಶ್ರೀರಾಂಪುರದ ಮನೆಯ ಬಾಗಿಲು ತೆರೆದ ಯಶಶ್ರೀ, ಧರ್ಮೇಂದ್ರನ ಹೆಸರು ಕೇಳಿದ್ದೇ ಕಣ್ಣು ತುಂಬಿಕೊಂಡಳು.

"ಅವರು ನನ್ನ ಬಿಡ್ಲಿಲ್ಲ ಅಕ್ಕ... ನಾನೇ ಅವರ ಹತ್ರ ಮದುವೆ ಬೇಡ ಅಂದೆ. ನಂಗೆ ನರ್ಸಿಂಗ್ ಓದ್ಬೇಕಿತ್ತು. ಅಪ್ಪನ ಹತ್ರ ನಾನು ಒಲ್ಲೆ ಅಂದಿದ್ರೆ ಓದು ಬಿಡ್ಸಿ ಮನೇಲಿ ಕೂರಿಸ್ತಿದ್ರು. 'ತಪ್ಪು ನನ್ನ ಮೇಲೆ ಹಾಕಮ್ಮ, ನೀನು ಓದು' ಅಂದ್ರು ಅವ್ರು. ಈಗ ಕೆಲಸ ಸಿಕ್ಕಿದೆ. ಅಪ್ಪಂಗೆ ನಾನೇ ನಿಜ ಹೇಳ್ತೀನಿ."

ವಿನುತಾ ಲ್ಯಾಪ್‌ಟಾಪ್ ಎತ್ತಿಕೊಂಡು ಗಾಂಧಿಬಜಾರಿಗೆ ಓಡಿದಳು. ಅವನು ದಂಟಿನ ಸೊಪ್ಪು ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ.

"ಯಶಶ್ರೀ ಮನೆಗೆ ಹೋಗಿದ್ದೆ."

"ಅವಳು ಹೇಳಿದ್ಮೇಲೆ ನಂಬಿಕೆ ಬಂತಾ?"

ಆ ಮಾತು ಚುರುಕ್ಕೆಂದಿತು. ಆದರೂ ಅವಳು ಸುಳ್ಳು ಹೇಳಲಿಲ್ಲ. "ನಿಮ್ಮನ್ನೇ ಕೇಳ್ಬೇಕಿತ್ತು. ಭಯ ಆಯ್ತು... ಕೇಳಿದ್ರೆ ಎಲ್ಲಿ 'ಹೌದು' ಅಂದ್ಬಿಡ್ತೀರೋ ಅಂತ. ಅಷ್ಟು ಇಷ್ಟ ಪಟ್ಬಿಟ್ಟಿದೀನಿ ನಿಮ್ಮನ್ನ!"

ಸೊಪ್ಪು ಕಟ್ಟುತ್ತಿದ್ದ ಅವನ ಕೈ ನಿಂತಿತು.

"ನಂದೂ ತಪ್ಪಿದೆ. ನೀವು 'ಹೂಂ' ಅನ್ನೋ ಮೊದ್ಲೇ ಹೇಳ್ಬೇಕಿತ್ತು. ಯಾರಿಗೂ ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ" ಎಂದ.

ಅವಳು ಕಣ್ಣೊರೆಸಿಕೊಂಡು ಸೊಪ್ಪಿನ ಬುಟ್ಟಿಯ ಪಕ್ಕದಲ್ಲೇ ಕೂತು, ಲ್ಯಾಪ್‌ಟಾಪ್ ತೆರೆದು, ಲಿನಕ್ಸಿನ ಸ್ಟೋರಿನಲ್ಲಿ ಬ್ರೌಸರ್ ಹುಡುಕಿ ಒತ್ತಿದಳು. ಪಾಸ್‌ವರ್ಡ್ ಕೇಳಿತು. ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು.

"ಹಾಕಿದ್ರೆ ಬರೋಕೆ ನೆಪ ಇರಲ್ಲ, ಮೇಡಂ."

"ಇನ್ಮೇಲೆ ನೆಪ ಯಾಕೆ? ಅಮ್ಮನ್ನ ಕರ್ಕೊಂಡು ಮನೆಗೇ ಬನ್ನಿ."

"ಹಾಗಾದ್ರೆ... ಹಾಕ್ಲಾ?"

ಅವಳು ಮತ್ತೆ ಅವನ ಕೈ ಹಿಡಿದಳು. ಈ ಸಲ ಬಿಡಲಿಲ್ಲ.

"ಹಾಕು."